ಮುತ್ಯಾನ ಟ್ರಂಕು, ಮೊಮ್ಮಗನ ಫೈಲು

ಕಳೆದ ವರ್ಷ ನಾಗರಪಂಚಮಿಯ ಮರುದಿನ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದೆವು. ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲಿ ಉಳಿದಿದ್ದವು. ನಾಲ್ಕನೆಯ ತರಗತಿ ಓದುವ ಮೊಮ್ಮಗಳು ಶೇಂಗಾ ಉಂಡಿ ಕಡಿಯುತ್ತ ಕೇಳಿದಳು:

“ಮುತ್ಯಾ, ಅಣ್ಣ ಬಿ.ಕಾಂ. ಪಾಸಾಗಿ ವರ್ಷದ ಮ್ಯಾಲಾತು. ಅವಗ ಯಾಕ ಇನ್ನೂ ನೌಕರಿ ಸಿಕ್ಕಿಲ್ಲ? ನೀನೂ ಬಿ.ಕಾಂ. ಅಲ್ಲೇನು? ನಿನಗ ಹೆಂಗ ಲಗೂನ ಸಿಕ್ತು?”

ಯಾರೂ ಮಾತಾಡಲಿಲ್ಲ. ಮೊಮ್ಮಗ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು, ಕೈ ತೊಳೆದುಕೊಂಡು ಹೊರಗೆ ನಡೆದ. ನನ್ನ ಹೆಂಡತಿ ನನ್ನ ಮುಖ ನೋಡಿದಳು.

ತಪ್ಪು ಆ ಮಗುವಿನದಲ್ಲ, ನನ್ನದು. “ನಾನು ಬಿ.ಕಾಂ. ಮುಗಿಸಿದ ಕೂಡಲೇ ಬ್ಯಾಂಕ್ ಸೇರಿದೆ” ಎಂದು ಬಂದವರ ಮುಂದೆಲ್ಲ ಹೇಳಿಕೊಂಡವನು ನಾನೇ. ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ಆದರೆ ಅದು ನಿಜವಲ್ಲ. ಆ ರಾತ್ರಿ ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಇಳಿಸಿ, ಮೊಮ್ಮಗನನ್ನು ಕರೆದು, ಬೀಗದ ಕೈ ಅವನ ಕೈಯಲ್ಲೇ ಕೊಟ್ಟೆ.

ಹನ್ನೊಂದು ಕಾಗದ

ಟ್ರಂಕಿನಲ್ಲಿ ಏನಿತ್ತು? ಕರ್ನಾಟಕ ವಿಶ್ವವಿದ್ಯಾಲಯದ ನನ್ನ ಬಿ.ಕಾಂ. ಪದವಿಪತ್ರ: 1973, ಸೆಕೆಂಡ್ ಕ್ಲಾಸ್. ಉದ್ಯೋಗ ವಿನಿಮಯ ಕಚೇರಿಯ ಕಾರ್ಡು. ನಾವೆಲ್ಲ ಅದನ್ನು ‘ಎಂಪ್ಲಾಯ್‌ಮೆಂಟ್ ಕಾರ್ಡು’ ಅನ್ನುತ್ತಿದ್ದೆವು. ಬ್ಯಾಂಕಿನ ನೇಮಕಾತಿ ಆದೇಶ: 1976. ಈ ಎರಡರ ನಡುವೆ, ಒಂದು ದಾರದಲ್ಲಿ ಕಟ್ಟಿಟ್ಟ ಹಳದಿ ಬಣ್ಣಕ್ಕೆ ತಿರುಗಿದ ಕಾಗದಗಳು. “ತಮ್ಮ ಅರ್ಜಿಯನ್ನು ಪರಿಗಣಿಸಲಾಗಲಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ” ಎಂಬ ಜಾತಿಯವು. ಮೊಮ್ಮಗ ಎರಡು ಸಲ ಎಣಿಸಿದ.

“ಮುತ್ಯಾ, ಹನ್ನೊಂದ ಅದಾವ.”

“ಹೂಂ. ಹನ್ನೆರಡನೇದು ನೌಕರಿ.”

“ಮತ್ತ ಇದನ್ನ ಇಷ್ಟ ದಿನಾ ಯಾಕ ಹೇಳಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. 1972ರ ಬರಗಾಲ ನಮ್ಮ ಬಿಜಾಪುರ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಪದವಿ ಕೈಗೆ ಬಂದಾಗ ಮನೆಯಲ್ಲಿ ಜೋಳ ಇರಲಿಲ್ಲ. ಮೂರು ವರ್ಷ ನಾನು ಅಡತಿ ಅಂಗಡಿಯೊಂದರಲ್ಲಿ ಕಿರ್ದಿ-ಖಾತೆ ಬರೆದೆ. ಆ ಅಂಗಡಿಯ ಕಥೆಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ, ಅದು ಡಿಗ್ರಿ ಓದಿದವನಿಗೆ ತಕ್ಕ ಕೆಲಸವಲ್ಲ ಎಂಬ ನಾಚಿಕೆ. ಆದರೆ ಬ್ಯಾಂಕಿನ ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಪದವಿಯ ಬಗ್ಗೆ ಒಂದೇ ಪ್ರಶ್ನೆ. ಉಳಿದದ್ದೆಲ್ಲ ಆ ಅಂಗಡಿಯ ಲೆಕ್ಕದ ಬಗ್ಗೆ. ಕಿರ್ದಿ ಹೇಗೆ ಮುಚ್ಚುತ್ತಿದ್ದಿರಿ, ತಾಳೆ ಬರದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಾಚಿಕೆಪಟ್ಟ ಕೆಲಸವೇ ನನಗೆ ನೌಕರಿ ಕೊಡಿಸಿತು.

ಇದನ್ನು ಇವತ್ತು ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಷ್ಟೋ ಮನೆಗಳಲ್ಲಿ ಡಿಗ್ರಿ ಮುಗಿಸಿದ ಒಬ್ಬ ಹುಡುಗನೋ ಹುಡುಗಿಯೋ ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿರುವುದನ್ನು ನೋಡುತ್ತೇನೆ. 36 ವರ್ಷದ ನೌಕರಿಯಲ್ಲಿ ಈ ನಾಲ್ಕೂ ಊರಿನ ಶಾಖೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಕೌಂಟರಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ. ಮಕ್ಕಳೇ, ಇದು ಅಣ್ಣ-ಅಕ್ಕಂದಿರ ವಿಷಯ ಎಂದು ಪುಟ ತಿರುವಬೇಡಿ. ಇದರಲ್ಲಿ ಅರ್ಧ ಕೆಲಸ ನಿಮ್ಮ ವಯಸ್ಸಿನಲ್ಲೇ ಶುರುವಾಗುವಂಥದ್ದು.

ಮೊದಲು ಹೆಸರು ಸರಿ ಇರಲಿ

ಆ ಹನ್ನೊಂದರಲ್ಲಿ ಒಂದು ಕಾಗದ ನಾನು ಪರೀಕ್ಷೆ ಪಾಸಾದ ಮೇಲೆ ಬಂದದ್ದು. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಜೊತೆ ಅಡ್ಡಹೆಸರಿತ್ತು, ಪದವಿಪತ್ರದಲ್ಲಿ ಅಪ್ಪನ ಹೆಸರಿತ್ತು. ಇಬ್ಬರೂ ಒಬ್ಬನೇ ಎಂದು ಕೋರ್ಟಿನಿಂದ ಅಫಿಡವಿಟ್ ಮಾಡಿಸಿಕೊಂಡು ಹೋಗುವುದರೊಳಗೆ ಹತ್ತು ದಿನ ಕಳೆದಿತ್ತು, ಜಾಗ ತುಂಬಿತ್ತು. ಅದನ್ನು ಮೊದಲೇ ನೋಡಿಕೊಳ್ಳದಿದ್ದದ್ದು ನನ್ನದೇ ಅಲಕ್ಷ್ಯ.

ಮೊಮ್ಮಗನ ಫೈಲು ತೆಗೆಸಿದೆ. ಅವನ ಕಥೆಯೂ ಅದೇ! ಆಧಾರ್ ಕಾರ್ಡಿನಲ್ಲಿ ಒಂದು ಸ್ಪೆಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು. ಐವತ್ತು ವರ್ಷ ಕಳೆದರೂ ನಮ್ಮ ಮನೆ ಬುದ್ಧಿ ಕಲಿತಿರಲಿಲ್ಲ. ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರ್ ತಿದ್ದಿಸಿದೆವು. ಈಗ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕು ಮೂರರಲ್ಲೂ ಒಂದೇ ಹೆಸರು.

ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಶಾಲೆಯಲ್ಲಿ ವಿವರ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮಕ್ಕಳೇ, ಆಗ ಅವಸರ ಮಾಡಬೇಡಿ. ನಿಮ್ಮ ಹೆಸರು, ಅಪ್ಪ-ಅವ್ವನ ಹೆಸರು, ಹುಟ್ಟಿದ ದಿನಾಂಕ ಒಂದೊಂದು ಅಕ್ಷರ ಓದಿ ನೋಡಿ. ಮುಂದೆ ನೌಕರಿಯ ಉದ್ದಕ್ಕೂ ನಿಮ್ಮ ಹೆಸರಿಗೆ, ವಯಸ್ಸಿಗೆ ಆಧಾರ ಆ ಒಂದೇ ಹಾಳೆ.

ಪದವಿಯ ಕೊನೆಯ ವರ್ಷದಲ್ಲಿರುವವರು ಉಳಿದ ಪತ್ರಗಳನ್ನು ಆಗಲೇ ಕೂಡಿಸಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ರಾಜ್ಯ ಸರಕಾರದ ನೇಮಕಾತಿಯಲ್ಲಿ 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಹುದ್ದೆ ಮೀಸಲಿವೆ. ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಬೇರೆ ಇದೆ. ಎರಡಕ್ಕೂ ನೀವು ಓದಿದ ಶಾಲೆಯ ಮುಖ್ಯ ಗುರುಗಳ ಸಹಿ ಬೇಕು, ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಅರ್ಜಿಯ ಕೊನೆಯ ದಿನಾಂಕ ದಾಟಿದ ಮೇಲೆ ತಂದ ಪತ್ರ ಕೆಲಸಕ್ಕೆ ಬಾರದು. ನಮ್ಮ ಹಳ್ಳಿಯ ಹುಡುಗರಿಗೆ ಇರುವ ಹಕ್ಕು ಇದು. ಪತ್ರ ಇಲ್ಲದೆ ಎಷ್ಟೋ ಜನ ಬಿಟ್ಟುಕೊಡುತ್ತಾರೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿ ಹೇಳಬೇಕು. ಸಿಂದಗಿಯ ಹುಡುಗರು ಪಕ್ಕದ ಅಫಜಲಪುರ, ಜೇವರ್ಗಿಯ ಗೆಳೆಯರನ್ನು ನೋಡಿ, ತಮಗೂ 371ಜೆ ಸಿಗುತ್ತದೆ ಎಂದುಕೊಳ್ಳುವುದುಂಟು. ಸಿಗುವುದಿಲ್ಲ. ಅದು ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಭಾಗ ಮತ್ತು ಬಳ್ಳಾರಿ ಸೀಮೆ ಸೇರಿದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ ಸೌಲಭ್ಯ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಭೀಮಾ ತೀರದ ನೆರೆಯವರೇ ಆದರೂ ಅರ್ಜಿಯಲ್ಲಿ ನಮ್ಮ ಕಾಲಂ ಬೇರೆ.

ಇಂಡಿ: ಗೊತ್ತಿದ್ದದ್ದನ್ನು ಬರೆಯಿರಿ

ನನ್ನ ಮೊದಲ ಶಾಖೆ ಇಂಡಿ. ಈಗ ಇರುವ ಮನೆಯೂ ಇಲ್ಲೇ. ಇಂಡಿ ಅಂದರೆ ಲಿಂಬೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಲ್ಲೇ. ಇಂಡಿ ಲಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿದೆ.

ಮೊಮ್ಮಗನ ಬಯೋಡಾಟಾ ಓದಿದೆ. ಹೆಸರು, ಊರು, ಎತ್ತರ, ಅಂಕ, ಕೊನೆಗೆ ‘ಹವ್ಯಾಸ: ಕ್ರಿಕೆಟ್ ನೋಡುವುದು, ಹಾಡು ಕೇಳುವುದು’. ನಾನು ಮ್ಯಾನೇಜರ್ ಆಗಿದ್ದರೆ ಇವನನ್ನು ಯಾಕೆ ತೆಗೆದುಕೊಳ್ಳಬೇಕು ಎಂದು ಅದನ್ನು ಓದಿ ಗೊತ್ತಾಗುತ್ತಿರಲಿಲ್ಲ.

“ನಿನಗ ಮರಾಠಿ ಬರ್ತದಲ್ಲ?” ಅಂದೆ.

“ಬರ್ತದ ಬಿಡು. ಸೊಲ್ಲಾಪುರ ಬಾಜೂಕ ಅದ. ಇಲ್ಲಿ ಎಲ್ಲಾರಿಗೂ ಬರ್ತದ.”

“ಹಿಂದಿ?”

“ಅದೂ ಬರ್ತದ.”

“ಮತ್ತ ಬರದಿಲ್ಲಲ್ಲೋ!”

ಕನ್ನಡ, ಮರಾಠಿ, ಹಿಂದಿ ಮೂರನ್ನೂ ಸರಾಗವಾಗಿ ಮಾತಾಡುವ ಹುಡುಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಗಡಿನಾಡಿನ ನಮಗೆ ಅದು ನೀರು ಕುಡಿದಷ್ಟು ಸಹಜ, ಹಾಗಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಲೇಬೇಕು ಎಂಬ ನಿಯಮವೇ ಇದೆ.

ಇಂಗ್ಲಿಷಿನ ಹೆದರಿಕೆ ಎಲ್ಲರಿಗೂ ಇದೆ. ನಮ್ಮ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು ಶಾಲೆಯಲ್ಲಿ ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ. ಆಮೇಲೆ ಇಂಗ್ಲಿಷನ್ನು ತಾವೇ ಕಲಿತರು. ಆಗ ಹಲಸಂಗಿಯಲ್ಲಿ ಕೋಚಿಂಗ್ ಕ್ಲಾಸ್ ಇರಲಿಲ್ಲ. ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿದರೆ, ಹತ್ತು ಹೊಸ ಶಬ್ದ ಬರೆದುಕೊಂಡರೆ, ಪದವಿಯ ಮೂರು ವರ್ಷ ಸಾಕು.

ಮುದ್ದೇಬಿಹಾಳ: ನಾನು ಕೇಳದೆ ಉಳಿದ ಮಾತು

ಇದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. 1980ರ ದಶಕ. ಮುದ್ದೇಬಿಹಾಳದಲ್ಲಿ ನಾನು ಕ್ಯಾಶ್ ಕೌಂಟರಿನಲ್ಲಿದ್ದೆ. ತೊಗರಿ ಬೆಳೆಯುವ ರೈತರೊಬ್ಬರು ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಲು ಬಂದರು.

“ಯಾಕ್ರೀ ಕಾಕಾ, ಇನ್ನ ಎಂಟ ತಿಂಗಳ ಬಿಟ್ರ ಬಡ್ಡಿ ಪೂರಾ ಬರ್ತದ.”

“ಮಗಗ ನೌಕರಿ ಆಗೂದದ್ರೀ ಸಾಹೇಬ್ರ. ಬೆಂಗಳೂರಾಗ ಒಬ್ಬವ ಮಾಡಿಸಿ ಕೊಡ್ತೀನಂದಾನ.”

ನನಗೆ ಅನುಮಾನ ಬಂತು. ಆದರೆ ಅವರ ಹಣ, ಅವರ ಇಷ್ಟ, ಗುಮಾಸ್ತ ಮಧ್ಯೆ ಬಾಯಿ ಹಾಕಬಾರದು ಎಂದು ಸುಮ್ಮನಾದೆ. ನೋಟು ಎರಡು ಸಲ ಎಣಿಸಿ ಕೊಟ್ಟೆ. ಎಂಟು ತಿಂಗಳ ನಂತರ ಅವರು ಹೆಂಡತಿಯ ಬೋರಮಾಳ ಅಡವಿಡಲು ಬಂದರು. ಅವರು ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಮಗ ಮನೆಯಲ್ಲೇ ಇದ್ದ ಎಂದು ಆಮೇಲೆ ಗೊತ್ತಾಯಿತು. “ಆ ಮನಿಷಾ ರಸೀದಿ ಕೊಡ್ತಾನೇನ್ರೀ?” ಎಂದು ಒಂದು ಮಾತು ಕೇಳಿದ್ದರೆ ಬಹುಶಃ ಅವರು ಮನೆಗೆ ಹೋಗಿ ಯೋಚನೆ ಮಾಡುತ್ತಿದ್ದರು. ಲೆಕ್ಕದಲ್ಲಿ ನಾನು ತಪ್ಪು ಮಾಡಲಿಲ್ಲ. ಮನುಷ್ಯತ್ವದಲ್ಲಿ ಮಾಡಿದೆ.

ಈಗ ಆ ‘ಒಬ್ಬವ’ ಮೊಬೈಲಿನಲ್ಲಿ ಬರುತ್ತಾನೆ. “ನೀವು ಆಯ್ಕೆಯಾಗಿದ್ದೀರಿ, ನೋಂದಣಿಗೆ ಇಷ್ಟು, ತರಬೇತಿಗೆ ಇಷ್ಟು, ಲ್ಯಾಪ್‌ಟಾಪಿಗೆ ಇಷ್ಟು ಕಳಿಸಿ” ಅನ್ನುತ್ತಾನೆ. ಅಜ್ಜ-ಅಜ್ಜಿಯರೇ, ಇದನ್ನು ಗಟ್ಟಿಯಾಗಿ ನೆನಪಿಡಿ. ಅಧಿಕೃತ ಜಾಲತಾಣದಲ್ಲಿ ಕಟ್ಟುವ ಅರ್ಜಿ ಶುಲ್ಕ ಬಿಟ್ಟರೆ, ನಿಜವಾದ ನೌಕರಿಗೆ ಯಾರೂ ಹಣ ಕೇಳುವುದಿಲ್ಲ. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ 1930 ನಂಬರಿಗೆ ಫೋನ್ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ನೌಕರಿಯೇ ಬೇಕೆಂದೇನೂ ಇಲ್ಲ. ಠೇವಣಿ ಮುರಿಸುವ ಬದಲು ವಿಜಯಪುರದ ರುಡ್‌ಸೆಟ್ ಸಂಸ್ಥೆಗೆ ಮಗನನ್ನು ಕಳಿಸಬಹುದು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಶುರುಮಾಡಿದ ಸಂಸ್ಥೆ ಅದು. ಮುಂದೆ ದೇಶದ ಉದ್ದಗಲಕ್ಕೂ ಅದೇ ಮಾದರಿ ಹಬ್ಬಿತು. ಸ್ವಂತ ಉದ್ಯೋಗದ ತರಬೇತಿ, ಊಟ, ವಸತಿ ಎಲ್ಲ ಉಚಿತ. ಅಲ್ಲಿ ಕಲಿತು ಬಂದವರು ಸಾಲಕ್ಕೆ ಬಂದಾಗ ನಾವು ಕಾಗದಕ್ಕಿಂತ ಮೊದಲು ಅವರ ಮಾತು ಕೇಳುತ್ತಿದ್ದೆವು. ಎಷ್ಟು ಹಾಕಬೇಕು, ಎಷ್ಟು ಬರುತ್ತದೆ ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತಿತ್ತು.

ಸಿಂದಗಿ: ಬೆಂಚಿನ ಮೇಲಿನ ಹುಡುಗಿ

ಸಿಂದಗಿಯಲ್ಲಿದ್ದಾಗ ಬಿ.ಎ. ಮುಗಿಸಿದ ಒಬ್ಬ ಹುಡುಗಿ ತನ್ನ ಅಜ್ಜಿಯ ಪಿಂಚಣಿ ತೆಗೆಸಲು ಬರುತ್ತಿದ್ದಳು. ಅಕ್ಷರ ಬಾರದ ಇತರ ಅಜ್ಜಿಯರೂ “ಯವ್ವಾ, ನಂದೂ ಒಂದೀಟ ಬರಕೊಡು” ಅನ್ನತೊಡಗಿದರು. ಅವಳು ಬೇಸರಪಡಲಿಲ್ಲ. ತಿಂಗಳ ಮೊದಲ ವಾರ ನಮ್ಮ ಬೆಂಚಿನ ಮೇಲೆ ಕೂತು ಚೀಟಿ ತುಂಬಿಕೊಡುತ್ತಿದ್ದಳು. ಒಂದು ವರ್ಷದಲ್ಲಿ ಚಲನ್ನು, ಚೆಕ್ಕು, ಡಿ.ಡಿ., ಖಾತೆ ತೆರೆಯುವ ಅರ್ಜಿ ಎಲ್ಲವೂ ಅವಳಿಗೆ ಗೊತ್ತಿದ್ದವು.

ಮುಂದೆ ಬ್ಯಾಂಕಿನ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಹೋದಳು. “ಅನುಭವ ಏನಿದೆ?” ಎಂದಾಗ, “ನೌಕರಿ ಮಾಡಿಲ್ಲ ಸರ್, ಆದರೆ ನೂರಾರು ಮಂದಿಗೆ ಹಣ ತೆಗೆಯುವ ಚೀಟಿ ತುಂಬಿಕೊಟ್ಟಿದ್ದೇನೆ. ಯಾವ ತಪ್ಪಿಗೆ ಚೀಟಿ ವಾಪಸ್ ಬರುತ್ತದೆ ಅಂತ ಹೇಳಬಲ್ಲೆ” ಅಂದಳಂತೆ. ಕೆಲಸ ಸಿಕ್ಕ ದಿನ ಆ ಅಜ್ಜಿಯರಿಗೆಲ್ಲ ಪೇಢೆ ಹಂಚಿದಳು. ನನಗೂ ಒಂದು ಸಿಕ್ಕಿತು.

ಈಗಲೂ ಅಂಥ ಬೆಂಚುಗಳಿವೆ. ಊರಿನ ಸೊಸೈಟಿ, ಗ್ರಾಮ ಒನ್ ಕೇಂದ್ರ, ಗ್ರಂಥಾಲಯ, ತೆರಿಗೆ ಸಲಹೆಗಾರರ ಕಚೇರಿ. ರಜೆಯಲ್ಲಿ ಎರಡು ತಿಂಗಳು ಹೋಗಿ ಕಲಿಯಬಹುದು. ಕಾಯ್ದೆಬದ್ಧವಾದ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಪದವೀಧರರು ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯಬಹುದು. ಇತ್ತೀಚೆಗೆ ಸರಕಾರಿ ಬ್ಯಾಂಕುಗಳೂ ಒಂದು ವರ್ಷದ ಮಟ್ಟಿಗೆ ಪದವೀಧರ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತಿವೆ. ಅದು ಕಾಯಂ ನೌಕರಿಯಲ್ಲ. ಆದರೆ ವರ್ಷದ ಕೊನೆಗೆ ಕೈಯಲ್ಲಿ ಒಂದು ಪ್ರಮಾಣಪತ್ರ, ತಲೆಯಲ್ಲಿ ಒಂದಿಷ್ಟು ಕೆಲಸ ಇರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿಲ್ಲ. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ನಮ್ಮ ವಿಜಯಪುರದಲ್ಲೇ ಇದೆ. ಸಿಂದಗಿಯಿಂದ ವಿಜಯಪುರದ ಗ್ರಂಥಾಲಯಕ್ಕೆ, ಕಂಪ್ಯೂಟರ್ ಕ್ಲಾಸಿಗೆ ಹೋಗಿಬರಲು ದುಡ್ಡಿಲ್ಲ ಎಂಬ ಕಾರಣ ಈಗ ಉಳಿದಿಲ್ಲ. ಕಳಿಸುವ ಮನಸ್ಸು ಮನೆಯವರಿಗೆ ಬೇಕು, ಅಷ್ಟೇ.

ಬಸವನ ಬಾಗೇವಾಡಿ: ಪ್ಯೂನ್ ನನ್ನ ಗುರು

ನನ್ನ ಕೊನೆಯ ಶಾಖೆ ಬಸವನ ಬಾಗೇವಾಡಿ, ಕಾಯಕವೇ ದೊಡ್ಡದೆಂದ ಬಸವಣ್ಣನವರು ಹುಟ್ಟಿದ ಊರು. ಆ ಹೊತ್ತಿಗೆ ನಮ್ಮ ದಪ್ಪ ಲೆಡ್ಜರುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ನನಗೆ ಐವತ್ತು ದಾಟಿತ್ತು, ಮೌಸ್ ಮುಟ್ಟಲು ಕೈ ನಡುಗುತ್ತಿತ್ತು. ನಮ್ಮ ಶಾಖೆಯ ಪ್ಯೂನ್ ಪಿ.ಯು.ಸಿ. ಓದಿದವನು. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಮ್ಯಾನೇಜರ ಅನುಮತಿ ಕೇಳಿ ಅರ್ಧ ತಾಸು ಟೈಪಿಂಗ್ ಕಲಿಯುತ್ತಿದ್ದ. ಆರು ತಿಂಗಳಾದ ಮೇಲೆ ಬಿ.ಕಾಂ. ಓದಿದ ನಾನು ಅವನ ಹತ್ತಿರ ಕೂತು ಕಲಿತೆ. ಅವನು ನನ್ನನ್ನು ಒಮ್ಮೆಯೂ ನಗಲಿಲ್ಲ. ಮುಂದೆ ಅವನು ಬಡ್ತಿ ಪರೀಕ್ಷೆ ಪಾಸಾಗಿ ಗುಮಾಸ್ತನಾದ.

ಇವತ್ತಿನ ಪದವೀಧರರಿಗೆ ಮೊಬೈಲ್ ಬರುತ್ತದೆ, ಕಂಪ್ಯೂಟರ್ ಬರುವುದಿಲ್ಲ. ಇದು ನಾನು ಕಂಡ ಸತ್ಯ. ಕನ್ನಡದಲ್ಲಿ ನುಡಿ ಬಳಸಿ ಒಂದು ಪತ್ರ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಕೂಡಿಸುವುದು, ಒಂದು ಇಮೇಲ್ ತಪ್ಪಿಲ್ಲದೆ ಬರೆಯುವುದು: ಈ ಮೂರು ಬಂದರೆ ಯಾವ ಕಚೇರಿಯಲ್ಲೂ ಮೊದಲ ದಿನ ತಲೆ ತಗ್ಗಿಸಬೇಕಾಗಿಲ್ಲ. ಬಿ.ಕಾಂ. ಓದಿದವರಿಗೆ ಟ್ಯಾಲಿ ಮತ್ತು ಜಿಎಸ್‌ಟಿ ಬೇಕೇ ಬೇಕು.

ಇದೇ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇದೆ. “ಅಷ್ಟ ದೊಡ್ಡ ಕಾರ್ಖಾನಿ ಮನಿ ಮುಂದ ಅದ, ನಮ್ಮ ಹುಡುಗರಿಗೆ ಯಾಕ ಕೆಲಸಿಲ್ಲ?” ಎಂದು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಅಲ್ಲಿ ಬೇಕಾದ ಕೆಲಸ ಯಾವುದು, ನಾವು ಮಕ್ಕಳಿಗೆ ಓದಿಸುತ್ತಿರುವುದು ಯಾವುದು? ಎಸ್ಸೆಸ್ಸೆಲ್ಸಿ ಮುಗಿದಾಗಲೇ ಐ.ಟಿ.ಐ., ಡಿಪ್ಲೊಮಾ, ಪಿ.ಯು.ಸಿ. ಮೂರನ್ನೂ ಮುಂದಿಟ್ಟು ಮಾತಾಡುವ ಮನೆಗಳು ಕಡಿಮೆ. ‘ಎಲ್ಲರೂ ಹೋದರು, ಇವನೂ ಹೋದ’ ಎಂದು ಡಿಗ್ರಿಗೆ ಸೇರಿಸುತ್ತೇವೆ.

36 ಸೆಕೆಂಡಿನ ಲೆಕ್ಕ

ಈಗ ಬ್ಯಾಂಕ್ ಪರೀಕ್ಷೆಯ ವಿಷಯ. 2011ರಿಂದ, ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಸಂಸ್ಥೆ ಒಂದೇ ಪರೀಕ್ಷೆ ನಡೆಸುತ್ತದೆ. ಗುಮಾಸ್ತ ಹುದ್ದೆಗೆ ವಯಸ್ಸು 20ರಿಂದ 28, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಪೂರ್ವಭಾವಿ ಪರೀಕ್ಷೆಯಲ್ಲಿ 100 ಪ್ರಶ್ನೆ, 60 ನಿಮಿಷ. ಅಂದರೆ ಒಂದು ಪ್ರಶ್ನೆಗೆ 36 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಗುಮಾಸ್ತ ಹುದ್ದೆಗೆ ಈಗ ಸಂದರ್ಶನವಿಲ್ಲ. ಇಂಗ್ಲಿಷ್ ಭಾಷೆಯ ಭಾಗ ಬಿಟ್ಟು ಉಳಿದ ಪ್ರಶ್ನೆಗಳನ್ನು ಕನ್ನಡದಲ್ಲೂ ಓದಬಹುದು. ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಬೇರೆ, ಅದೂ ಕನ್ನಡದಲ್ಲಿದೆ. 2025ರ ಮೇ 1ರಿಂದ ನಮ್ಮ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಗ್ರಾಮೀಣ ಬ್ಯಾಂಕು ಕೂಡಿ ‘ಕರ್ನಾಟಕ ಗ್ರಾಮೀಣ ಬ್ಯಾಂಕ್’ ಆಗಿದೆ. ಅದರ ಗುಮಾಸ್ತ ಹುದ್ದೆಯ ಪೂರ್ವಭಾವಿಯಲ್ಲಿ 80 ಪ್ರಶ್ನೆ, 45 ನಿಮಿಷ.

36 ಸೆಕೆಂಡಿನಲ್ಲಿ ಲೆಕ್ಕ ಮಾಡಲು ಏನು ಬೇಕು? ಮಗ್ಗಿ! ನಮ್ಮ ಕಾಲದಲ್ಲಿ ಕಾಲಿನ ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಸಂಜೆ ದೀಪ ಹಚ್ಚಿದ ಮೇಲೆ ಒದರಿಸುತ್ತಿದ್ದರು. ‘ಹದಿನಾರು ಮುಕ್ಕಾಲು ಎಷ್ಟೋ?’ ಎಂದರೆ ಕಣ್ಣು ಮುಚ್ಚಿ ‘ಹನ್ನೆರಡು’ ಅನ್ನಬೇಕು. ಶೇಕಡಾ 75 ಅಂದರೂ ಅದೇ ತಾನೇ? ಮೊಮ್ಮಗ ಮೂರು ಸಾಲು ಬರೆದು ಮಾಡುತ್ತಿದ್ದ ಲೆಕ್ಕವನ್ನು ನಾನು ಬಾಯಲ್ಲಿ ಹೇಳಿದಾಗ ಅವನು ಬೆರಗಾದ. ಈಗ ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಮಗ್ಗಿಯ ಪಾಠ. ಅಣ್ಣನ ಜೊತೆ ತಂಗಿಯೂ ಕೂರುತ್ತಾಳೆ, ಅವಳೇ ಬೇಗ ಕಲಿಯುತ್ತಿದ್ದಾಳೆ.

ಅಜ್ಜ-ಅಜ್ಜಿಯರಲ್ಲಿ ಒಂದು ಮಾತು

“ನೌಕರಿ ಸಿಕ್ತೇನೋ?” ಎಂದು ದಿನಾ ಕೇಳಬೇಡಿ. ಸಿಕ್ಕಿದ್ದರೆ ಅವನೇ ಕುಣಿದುಕೊಂಡು ಬಂದು ಹೇಳುತ್ತಾನೆ. “ಇವತ್ತ ಏನ ಕಲ್ತಿ?” ಎಂದು ಕೇಳಿ. ನೆರೆಮನೆಯವನ ಹೋಲಿಕೆ ಬೇಡ. ನಮಗೂ ಹಿಂದೆ ‘ಇಲ್ಲ’ ಎಂಬ ಕಾಗದ ಬಂದಿದ್ದವು ಎಂಬುದನ್ನು ಮುಚ್ಚಿಡಬೇಡಿ.

ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರಕಾರದ ಯುವನಿಧಿಯಿಂದ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಆ ಹಣ ಮನೆಖರ್ಚಿಗೆ ಕೇಳಬೇಡಿ. ಪರೀಕ್ಷಾ ಶುಲ್ಕಕ್ಕೆ, ಪುಸ್ತಕಕ್ಕೆ, ಟ್ಯಾಲಿ ಕ್ಲಾಸಿಗೆ ಇರಲಿ. ಕೆಲಸ ಸಿಕ್ಕ ಮೇಲೆ ಅದನ್ನು ನಿಲ್ಲಿಸಲು ಮರೆಯಬೇಡಿ, ಅದು ಇನ್ನೊಬ್ಬರ ಮಗನ ಪಾಲು.

ಮಕ್ಕಳೇ, ಈ ವಾರ ಇಷ್ಟು ಮಾಡಿ

ನಿಮ್ಮ ಶಾಲೆಯ ದಾಖಲೆಯಲ್ಲಿ ಮತ್ತು ಆಧಾರ್ ಕಾರ್ಡಿನಲ್ಲಿ ನಿಮ್ಮ ಹೆಸರು ಒಂದೇ ಇದೆಯೇ ನೋಡಿ. ಅಜ್ಜನ ಹತ್ತಿರವೋ ಅಜ್ಜಿಯ ಹತ್ತಿರವೋ ಒಂದು ಮುಕ್ಕಾಲು ಮಗ್ಗಿ ಕಲಿಯಿರಿ. “ನೀವು ದುಡಿದ ಮೊದಲ ಕೆಲಸ ಯಾವುದು? ಅದು ಹೇಗೆ ಸಿಕ್ಕಿತು?” ಎಂದು ಕೇಳಿ, ಉತ್ತರವನ್ನು ಒಂದು ಪುಟದಲ್ಲಿ ಬರೆದಿಡಿ. ಹೊಲದ ಕೂಲಿಯಾದರೂ ಸರಿ, ಕಲೆಕ್ಟರ್ ಕಚೇರಿಯಾದರೂ ಸರಿ.

ನನ್ನ ಮೊಮ್ಮಗ ಈಗ ಏನು ಮಾಡುತ್ತಿದ್ದಾನೆ? ಇಂಡಿಯ ಲಿಂಬೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ನೋಡುತ್ತಾನೆ. ಸೊಲ್ಲಾಪುರದಿಂದ ಫೋನ್ ಬಂದರೆ ಮರಾಠಿಯಲ್ಲಿ ಮಾತಾಡುವುದು ಅವನ ಕೆಲಸ. “ಮುತ್ಯಾ, ಹಸಿ ಲಿಂಬಿಕಾಯಿಗೆ ಜಿಎಸ್‌ಟಿ ಇಲ್ಲ, ಅದನ್ನ ಉಪ್ಪಿನಕಾಯಿ ಹಾಕಿ ಡಬ್ಬಿಗೆ ತುಂಬಿ ಮಾರಿದ್ರ ಅದ” ಎಂದು ಮೊನ್ನೆ ನನಗೇ ಪಾಠ ಹೇಳಿದ. ಪಗಾರ ದೊಡ್ಡದಲ್ಲ. ಆದರೆ ಬಯೋಡಾಟಾದಲ್ಲಿ ‘ಹಾಡು ಕೇಳುವುದು’ ಇದ್ದ ಜಾಗದಲ್ಲಿ ಈಗ ಆ ಕೆಲಸ ಬಂದು ಕೂತಿದೆ. ರಾತ್ರಿ ಪರೀಕ್ಷೆಗೆ ಓದುತ್ತಾನೆ.

ಮೊದಲನೆಯ ಪರೀಕ್ಷೆಯ ಫಲಿತಾಂಶ ಬಂತು. ಆಗಲಿಲ್ಲ. ಸ್ವಲ್ಪದರಲ್ಲಿ ತಪ್ಪಿತ್ತು. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅವನು ಆ ಹಾಳೆಯನ್ನು ಪ್ರಿಂಟ್ ತೆಗೆಸಿ ತಂದು ತನ್ನ ಫೈಲಿನಲ್ಲಿ ಇಟ್ಟುಕೊಂಡ.

“ಮುತ್ಯಾ, ಒಂದಾತು. ನಿನ್ನ ಲೆಕ್ಕ ಮುಟ್ಟಲಾಕ ಇನ್ನ ಹತ್ತ ಬಾಕಿ.”

ಉಂಡಿ ಕಡಿಯುತ್ತ ಪ್ರಶ್ನೆ ಕೇಳಿದ್ದ ಆ ಪುಟ್ಟಿ ಬೆರಳು ಮಡಿಚಿ ಎಣಿಸಿ ಹೇಳಿದಳು: “ಹನ್ನೊಂದರಾಗ ಒಂದ ಕಳದ್ರ ಹತ್ತ. ಬರೋಬ್ಬರಿ ಅದ!”

ಅವತ್ತು ಅವನು ತಾಟಿನಲ್ಲಿ ರೊಟ್ಟಿ ಬಿಡಲಿಲ್ಲ.